ನಿಧಾನವೇ ಪ್ರಧಾನವಾದ ಸೈಕಲ್ ಸವಾರಿ

ಭಾನುವಾರವೆಂದರೆ ಮನೆಮಂದಿಗೆಲ್ಲ ರಜೆ, ಗೃಹಿಣಿಗೆ ಮಾತ್ರ ದುಪ್ಪಟ್ಟು ಕೆಲಸ! ತಿಂಡಿ ತಡವಾಗಿ ಆಗಬೇಕು, ಊಟ ವಿಶೇಷವಾಗಿರಬೇಕು, ನಡುವೆ ಮಕ್ಕಳಿಗೆ ಎಣ್ಣೆನೀರು. ಅಂಥಾದ್ದರಲ್ಲಿ ಅದೇ ಭಾನುವಾರ ಬೆಳಿಗ್ಗೆ ಹತ್ತಾರು ಜನ, ಅವರಲ್ಲಿ ನಮ್ಮ ನಿಮ್ಮ ವಯಸ್ಸಿನ ಹೆಂಗಸರೂ, ಸೈಕಲ್ ಏರಿ ಹಳ್ಳಿದಾರಿ ಹಿಡಿದು ಹೊರಡುತ್ತಾರೆ ಅಂದರೆ ನಂಬುತ್ತೀರಾ? ಇಂಗ್ಲೆಂಡಿನಲ್ಲಿ ಇದು ಹತ್ತಿರಹತ್ತಿರ ನೂರೈವತ್ತು ವರ್ಷಗಳ ಪದ್ಧತಿ.

ಅಲ್ಲಿನ ಹಾರೋಗೇಟ್ ಪಟ್ಟಣದಲ್ಲಿ 1878ರಲ್ಲಿ ಸೈಕಲ್ ಪ್ರವಾಸಿಗಳ ಸಂಘವೊಂದು ಹುಟ್ಟಿತು. ಮುಂದೆ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರಾದ ಆ ಸಂಘ ಇಂದು ಸೈಕ್ಲಿಂಗ್ ಯುಕೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಆಗಿನ ಸೈಕಲ್ಲಿಗೆ ಮುಂದೆ ಎದೆಯೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ. ಲಂಗ ತೊಟ್ಟವರು ಹತ್ತುವಂಥದ್ದೇ ಅಲ್ಲ. 1885ರಲ್ಲಿ ಎರಡೂ ಗಾಲಿ ಹೆಚ್ಚುಕಡಿಮೆ ಸಮವಾಗಿರುವ ರೋವರ್ ಸೈಕಲ್ ಬಂತು, 1888ರಲ್ಲಿ ಡನ್‌ಲಪ್ ಅವರ ಗಾಳಿ ತುಂಬಿದ ಟೈರ್ ಬಂತು. ಸೈಕಲ್ ಹೆಂಗಸರ ಕೈಗೂ ಎಟುಕಿತು.

ಅವಸರವಿಲ್ಲದ ಪಯಣ

ಭಾನುವಾರದ ಈ ಸವಾರಿ ಪಂದ್ಯವಲ್ಲ. ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸು, ಅಷ್ಟೇ. ದಾರಿ ಗೊತ್ತಿದ್ದವರೊಬ್ಬರು ಮುಂದೆ, ಯಾರೂ ತಪ್ಪಿಹೋಗದಂತೆ ನೋಡಿಕೊಳ್ಳುವವರೊಬ್ಬರು ಎಲ್ಲರಿಗಿಂತ ಹಿಂದೆ. ಹಳ್ಳ ಕಂಡರೆ ಮುಂದಿನವರು ಕೈತೋರಿಸಿ ಹೇಳುತ್ತಾರೆ. ಏರು ಮುಗಿದಲ್ಲಿ, ದಾರಿ ತಿರುಗುವಲ್ಲಿ ನಿಂತು ಕಾಯುತ್ತಾರೆ. ಎಲ್ಲರಿಗಿಂತ ನಿಧಾನ ಬರುವವರ ವೇಗವೇ ಎಲ್ಲರ ವೇಗ. ಮಧ್ಯೆ ಹಳ್ಳಿ ಹೋಟೆಲಿನಲ್ಲಿ ಚಹಾ, ಕೇಕು, ಇಲ್ಲವೇ ಓಟ್ಸ್, ಬೆಣ್ಣೆ, ಸಕ್ಕರೆಪಾಕ ಕಲಸಿ ಬೇಯಿಸಿದ ಫ್ಲ್ಯಾಪ್‌ಜಾಕ್ ಎಂಬ ಬಿಲ್ಲೆ. ನಮ್ಮ ಚಿಕ್ಕಿಯ ದೂರದ ನೆಂಟ ಅನ್ನಿ! ಸವಾರಿಯಷ್ಟೇ ಈ ಹರಟೆಗೂ ಅಲ್ಲಿ ಮಹತ್ವ.

ಎರಡು ಹಳ್ಳಿ, ಎರಡು ಹೋಟೆಲು

ಲಂಡನ್ನಿನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಸರ್ರೆ ಸೀಮೆಯಲ್ಲಿ ರಿಪ್ಲಿ ಎಂಬ ಹಳ್ಳಿ. ಆ ಕಾಲದ ಸೈಕಲ್ ಸವಾರರಿಗೆಲ್ಲ ಅದು ಯಾತ್ರಾಸ್ಥಳದಂತೆ. ಕಾರಣ, ಅಲ್ಲಿನ ಆ್ಯಂಕರ್ ಎಂಬ ಛತ್ರ. ಅಲ್ಲಿ ಆ್ಯನಿ ಮತ್ತು ಹ್ಯಾರಿಯೆಟ್ ಡಿಬ್ಬಲ್ ಎಂಬ ಅಕ್ಕತಂಗಿಯರು ಧೂಳು ಮೆತ್ತಿಕೊಂಡು ಬಂದವರನ್ನೆಲ್ಲ ಆದರದಿಂದ ಉಪಚರಿಸುತ್ತಿದ್ದರು. ಆ ಪ್ರೀತಿಯನ್ನು ಸವಾರರು ಮರೆಯಲಿಲ್ಲ. ಊರಿನ ಚರ್ಚಿನಲ್ಲಿ ಅವರ ನೆನಪನ್ನು ಉಳಿಸಿದರು.

ಪಕ್ಕದ ಹಳ್ಳಿ ಆಕಮ್. ಅಲ್ಲಿನ ಹೋಟೆಲಿನಲ್ಲಿ ನಡೆದದ್ದು ಬೇರೆಯೇ ಕಥೆ. 1898ರ ಅಕ್ಟೋಬರಿನಲ್ಲಿ ಲೇಡಿ ಹಾರ್ಬರ್ಟನ್ ಎಂಬ, ಐವತ್ತು ದಾಟಿದ ಶ್ರೀಮಂತ ಮನೆತನದ ಮಹಿಳೆ ಸೈಕಲ್ಲಿನಲ್ಲಿ ಅಲ್ಲಿಗೆ ಬಂದರು. ನೆಲ ಗುಡಿಸುವ ಉದ್ದ ಲಂಗ ಚೈನಿಗೆ ಸಿಕ್ಕೀತೆಂದು ದೊಗಲೆ ಚಲ್ಲಣ ತೊಟ್ಟಿದ್ದರು. ಹೋಟೆಲಿನ ಒಡತಿಗೆ ಅದು ಸರಿಬರಲಿಲ್ಲ. ಕಾಫಿ ಕೋಣೆಗೆ ಬಿಡದೆ, ಗಂಡಸರು ಕುಡಿಯುತ್ತ ಕೂತಿದ್ದ ಬಾರಿನ ಕೋಣೆ ತೋರಿಸಿದಳು. ತಡೆದವಳೂ ಹೆಂಗಸೇ, ನೋಡಿ! ಸೈಕಲ್ ಸಂಘ ಸುಮ್ಮನಿರಲಿಲ್ಲ, ಮೊಕದ್ದಮೆ ಹೂಡಿತು. 1899ರಲ್ಲಿ ತೀರ್ಪು ಹೋಟೆಲಿನವಳ ಕಡೆಗೇ ಆಯಿತು. ಆದರೇನು? ನ್ಯಾಯಾಲಯದಲ್ಲಿ ಸೋತ ಚಲ್ಲಣ ರಸ್ತೆಯಲ್ಲಿ ಗೆದ್ದಿತು. ಮುಂದಿನ ಪೀಳಿಗೆಯ ಹೆಂಗಸರು ಯಾರ ಅಪ್ಪಣೆಯನ್ನೂ ಕೇಳದೆ ತೊಟ್ಟು ತಿರುಗಿದರು.

ನಮ್ಮ ಕಡೆಗೆ ಬಂದರೆ

ಅದು ಬಿಳಿಯರ ನಾಡು, ನಮಗೆಲ್ಲಿ ಸರಿಹೋದೀತು ಅಂತೀರಾ? ಪಕ್ಕದ ತಮಿಳುನಾಡಿನ ಪುದುಕೋಟೆ ಜಿಲ್ಲೆಯನ್ನು ನೋಡಿ. 1991ರ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಕಲ್ಲುಗಣಿಯ ಕೂಲಿ ಹೆಂಗಸರು, ಅಂಗನವಾಡಿಯವರು, ಸಾವಿರಸಾವಿರ ಮಂದಿ ಕಲಿತರು. ಲೇಡೀಸ್ ಸೈಕಲ್ ಸಾಲದೆ ಹೋದಾಗ ಗಂಡಸರ ಸೈಕಲ್ಲನ್ನೇ ಏರಿದರು. ಕೆಲವರಿಗಂತೂ ಅದೇ ಮೇಲಾಯಿತು. ನಡುವಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದಲ್ಲ!

ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರದ ಉಚಿತ ಸೈಕಲ್ ಯೋಜನೆ ಶುರುವಾದದ್ದು 2006-07ರಲ್ಲಿ. ಆಗ ಎರಡು ಜಡೆ ಹಾಕಿಕೊಂಡು ಸಾಲಾಗಿ ಶಾಲೆಗೆ ಹೋದ ಹುಡುಗಿಯರು ಇಂದು ಮೂವತ್ತು ದಾಟಿದ ತಾಯಂದಿರು. ಅವರ ಸೈಕಲ್ ಎಲ್ಲಿ? ಹಿತ್ತಲಲ್ಲಿ ತುಕ್ಕು ಹಿಡಿದಿತ್ತು, ಗುಜರಿಗೆ ಹೋಯಿತು. ಹತ್ತನೇ ತರಗತಿಯವರೆಗೆ ತುಳಿಯಬಹುದು, ಆಮೇಲೆ "ಹೆಣ್ಣಿಗೆ ಚೆಂದವಲ್ಲ" ಎಂದು ಹೇಳಿದವರಾರು? ಬಹುಪಾಲು ನಾವೇ, ಅಮ್ಮಂದಿರು, ಅತ್ತೆಯಂದಿರು. ಆಕಮ್ ಹೋಟೆಲಿನ ಒಡತಿಯ ಹಾಗೆ. ಒಮ್ಮೆ ಕಲಿತ ಸೈಕಲ್ಲನ್ನು ಕಾಲು ಮರೆಯುವುದಿಲ್ಲ. ಮರೆಸುವುದು ನಾಲ್ಕು ಜನರ ಮಾತು.

ನೀವೂ ಹೊರಡುವುದಾದರೆ

ಸಂಘ ಕಟ್ಟಲು ರಸೀತಿ ಪುಸ್ತಕ ಬೇಕಿಲ್ಲ. ಬೀದಿಯ ನಾಲ್ಕು ಮಂದಿ ಸಾಕು. ಇಷ್ಟು ನೆನಪಿಡಿ:

● ಹೊರಡುವ ಹಿಂದಿನ ಸಂಜೆಯೇ ಟೈರಿನ ಗಾಳಿ, ಬ್ರೇಕು, ಬೆಲ್ಲು ನೋಡಿಕೊಳ್ಳಿ. ಚೈನಿಗೆ ಎರಡು ಹನಿ ಎಣ್ಣೆ ಬಿಡಿ.

● ಪೆಡಲ್ ಕೆಳಗಿದ್ದಾಗ ಮಂಡಿ ತುಸುವೇ ಬಾಗಿರುವಷ್ಟು ಸೀಟು ಎತ್ತರವಿರಲಿ. ಸೀಟು ತಗ್ಗಾದರೆ ಮಂಡಿನೋವು ಬಂದೀತು.

● ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿ. ಸೆರಗಾಗಲಿ ದುಪಟ್ಟಾವಾಗಲಿ ಗಾಲಿಗೆ ಸಿಕ್ಕುವಂತಿರಬಾರದು.

● ಮೊದಲ ವಾರ ಹೋಗಿ ಬರುವುದೆಲ್ಲ ಸೇರಿ ಐದು ಕಿಲೋಮೀಟರ್ ಸಾಕು. ಹೆದ್ದಾರಿ ಬಿಟ್ಟು ಕೆರೆ ಏರಿಯೋ, ಹೊಲದ ದಾರಿಯೋ ಹಿಡಿಯಿರಿ.

● ನೀರು, ಒಗ್ಗರಣೆ ಅವಲಕ್ಕಿ, ನಾಲ್ಕು ಕಡಲೆಬೀಜದುಂಡೆ ಕಟ್ಟಿಕೊಳ್ಳಿ.

● ಮಂಡಿನೋವು, ಹೃದಯದ ತೊಂದರೆ ಇದ್ದವರು, ಬಸುರಿಯರು ಮೊದಲು ವೈದ್ಯರನ್ನು ಕೇಳಿ.

ಬೆಳಿಗ್ಗೆ ಆರಕ್ಕೆ ಹೊರಟು ಎಂಟಕ್ಕೆ ಮನೆ ಸೇರಿದರೆ ಯಾವ ಪ್ರಪಂಚವೂ ಮುಳುಗುವುದಿಲ್ಲ. ಅಂದಿನ ಕಾಫಿಯನ್ನು ಯಜಮಾನರೇ ಕಾಯಿಸಿಕೊಳ್ಳಲಿ, ಉಪ್ಪಿಟ್ಟಿನ ರವೆಯನ್ನು ಮಗಳೋ ಮಗನೋ ಹುರಿದಿಡಲಿ. ವಾರದ ನೂರರವತ್ತೆಂಟು ಗಂಟೆಗಳಲ್ಲಿ ಎರಡು ಗಂಟೆ ಕೇಳುವುದು ದುರಾಸೆಯೇ? ಒಂದೇ ನಿಯಮ ಮರೆಯಬೇಡಿ: ನಿಮ್ಮಲ್ಲಿ ಎಲ್ಲರಿಗಿಂತ ನಿಧಾನ ಬರುವವಳಿಗಾಗಿ ಏರಿನ ತುದಿಯಲ್ಲಿ ನಿಂತು ಕಾಯಿರಿ.