ಜ್ವರಗಡ್ಡೆಯೂ ಕಪಿಗಳ ವಿಷಮಜ್ವರವೂ

ಬೀದರ, ಭಾಲ್ಕಿ, ಔರಾದಗಳು 1956ರ ವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಆ ರಾಜ್ಯದ ಸಿಕಂದರಾಬಾದಿನಲ್ಲಿಯೇ 1897ರಲ್ಲಿ ರೊನಾಲ್ಡ್ ರಾಸರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಚಳಿಜ್ವರದಿಂದ ಪ್ಲೀಹವು ಊದುವುದಕ್ಕೆ ಕನ್ನಡದಲ್ಲಿ ಜ್ವರಗಡ್ಡೆಯೆಂದು ಹೆಸರು. ಗಡ್ಡೆಯೆಂಬ ಮಾತು ಅದನ್ನು ರೋಗವೆಂದೇ ಬಗೆಯುವಂತೆ ಮಾಡುತ್ತದೆ. ಕಪಿಗಳ ಮೇಲಣ ಪರೀಕ್ಷೆಗಳಾದರೋ ಬೇರೊಂದನ್ನು ಹೇಳುತ್ತವೆ.

1932ರಲ್ಲಿ ಕಲ್ಕತ್ತೆಯ ನೋಲ್ಸ್, ದಾಸಗುಪ್ತರು ವರ್ಣಿಸಿದ ಕಪಿರೋಗಾಣುವು 24 ಗಂಟೆಗಳಿಗೊಮ್ಮೆ ರಕ್ತಕಣಗಳನ್ನೊಡೆದು ವೃದ್ಧಿಹೊಂದುವುದು. ಆಯುರ್ವೇದದ ಪರಿಭಾಷೆಯಲ್ಲಿ ಇದು ಅನ್ಯೇದ್ಯುಷ್ಕ. ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಮಲಯದ ಉದ್ದಬಾಲದ ಕಪಿ ಇದನ್ನು ಸಹಿಸುವುದು. ಕೆಂಪುಮೋರೆಯ ರೀಸಸ್ ಕಪಿ ಚಿಕಿತ್ಸೆಯಿಲ್ಲದಿದ್ದರೆ ಪ್ರಾಯಶಃ ಸಾಯುವುದು. ಪ್ಲೀಹದಲ್ಲಿರುವ ಭಕ್ಷಕಕಣಗಳು ರೋಗಾಣು ಹೊಕ್ಕ ಕೆಂಪುಕಣಗಳನ್ನು ನುಂಗುತ್ತವೆ; ಬಿಳಿಯ ಕಣಗಳಲ್ಲಿ ಕೆಲವು ಪ್ರತಿಕಾಯಗಳನ್ನು ಸ್ರವಿಸುತ್ತವೆ. ರೋಗವನ್ನು ಗೆದ್ದ ಕಪಿಯ ರಕ್ತರಸವು ಇನ್ನೊಂದು ಕಪಿಗೂ ರಕ್ಷೆಯಾಗಬಲ್ಲುದೆಂದು 1937ರಲ್ಲಿ ಕಾಗ್‌ಶಾಲ್, ಕುಮ್ ಎಂಬವರು ತೋರಿಸಿದರು. ಪ್ಲೀಹವನ್ನು ಛೇದಿಸಿ ತೆಗೆದರೆ ಅಡಗಿದ್ದ ಜ್ವರವು ಮರಳಿ ಏಳುವುದುಂಟು.