ವಸ್ತಿ ನಾಯಿಗೆ ಮೊಮ್ಮಗನೂ ಹೊರಗಿನವ!

ಜತ್ತ: ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗ, ಉಮದಿ-ಸಂಖ ಕಡೆ ಹೋದರೆ ಮನೆಗೆ ಮನೆ ದೂರ. ಹೊಲದಲ್ಲೇ ವಸ್ತಿ, ವಸ್ತಿ ಮುಂದೆ ದನ, ದನದ ಪಕ್ಕ ಒಂದು ನಾಯಿ. ಕಳ್ಳರ ಭಯ, ರಾತ್ರಿ ಮೋಟಾರು ಕೇಬಲ್ ಹೋಗುವ ಭಯ. ನಾಯಿ ಇಲ್ಲದೆ ಇಲ್ಲಿ ನಿದ್ದೆ ಇಲ್ಲ.

ಆದರೆ ಅದೇ ನಾಯಿ ಮನೆಯವರಿಗೇ ತಲೆನೋವಾದರೆ?

'ಮಗ ಪುಣೆದಾಗ ಅದಾನ್ರಿ. ಸೂಟಿಗೆ ಮೊಮ್ಮಗ ಬಂದ್ರ ನಾಯಿನ ಖೋಲ್ಯಾಗ ಹಾಕಿ ಕೀಲಿ ಹಾಕ್ತಿದ್ದೆವು. ಹುಡುಗ ಅಂಗಳಕ್ಕ ಬರಾಕ ಅಂಜತಿದ್ದ' ಎನ್ನುತ್ತಾರೆ ದ್ರಾಕ್ಷಿ ಬೆಳೆಯುವ ರೈತರೊಬ್ಬರು. ವರ್ಷಕ್ಕೆ ಎರಡು ಸಲ ಬರುವ ಹುಡುಗನನ್ನು ನಾಯಿ ಗುರುತು ಹಿಡಿಯುವುದಾದರೂ ಹೇಗೆ? ಅದರ ಲೆಕ್ಕದಲ್ಲಿ ಮೊಮ್ಮಗನೂ ಒಂದೇ, ಕಳ್ಳನೂ ಒಂದೇ.

ತಪ್ಪು ನಾಯಿಯದಲ್ಲ. ಮರಿ ತಂದ ದಿನವೇ ಸರಪಳಿ ಹಾಕಬೇಕು, ಹೊರಗಿನವರ ಕೈ ತಾಗಿಸಬಾರದು, ಕತ್ತಲಲ್ಲಿ ಬೆಳೆಸಬೇಕು, ಆಗಲೇ ನಾಯಿ 'ಖಡಕ್' ಆಗುತ್ತದೆ ಎಂಬ ನಂಬಿಕೆ ಈ ಭಾಗದಲ್ಲಿ ಹಳೆಯದು. ಹೀಗೆ ಬೆಳೆದ ನಾಯಿ ಖಡಕ್ ಆಗುವುದಿಲ್ಲ, ಅಂಜುಬುರುಕ ಆಗುತ್ತದೆ. ಅಂಜಿದ ನಾಯಿಗೆ ಓಡಿಹೋಗಲು ಸರಪಳಿ ಬಿಡುವುದಿಲ್ಲ. ಉಳಿಯುವುದು ಹಲ್ಲು ಒಂದೇ. ನಾವು ಅದನ್ನೇ ಧೈರ್ಯ ಅಂದುಕೊಳ್ಳುತ್ತೇವೆ.

ಮೂರು ವಾರದಿಂದ ಮೂರು ತಿಂಗಳು

ನಾಯಿಮರಿಯ ಮನಸ್ಸಿನ ಬಾಗಿಲು ತೆರೆದಿರುವುದು ಸ್ವಲ್ಪ ದಿನ ಮಾತ್ರ. ಸುಮಾರು ಮೂರನೇ ವಾರಕ್ಕೆ ತೆರೆದು, ಹನ್ನೆರಡು-ಹದಿನಾಲ್ಕನೇ ವಾರದ ಹೊತ್ತಿಗೆ ಮುಚ್ಚುತ್ತಾ ಬರುತ್ತದೆ. ಅಷ್ಟರೊಳಗೆ ಕಂಡ ಜನ, ಕೇಳಿದ ಸದ್ದು ಅದಕ್ಕೆ ಸಹಜ. ಆಮೇಲೆ ಹೊಸದಾಗಿ ಕಂಡದ್ದು ಅನುಮಾನ. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬೇಲಿ ಹಾಕಿದ ಬಯಲಲ್ಲಿ ಮನುಷ್ಯರ ಒಡನಾಟವಿಲ್ಲದೆ 14 ವಾರ ಬೆಳೆದ ಮರಿಗಳು ಆಮೇಲೆ ಎಷ್ಟು ಪುಸಲಾಯಿಸಿದರೂ ಪಳಗಲಿಲ್ಲ, ಕಾಡುಪ್ರಾಣಿಗಳ ಹಾಗೇ ಉಳಿದವು.

'ಮುಧೋಳ ತಳಿ ಅಂದ್ರ ಹಾಂಗ್ರಿ, ಹೊರಗಿನವರನ್ನ ಸೇರಸೂದಿಲ್ಲ' ಎಂಬ ಮಾತೂ ಇದೆ. ಅರ್ಧ ನಿಜ. ಮಹಾರಾಷ್ಟ್ರದಲ್ಲಿ ಕಾರವಾನಿ ಎನಿಸಿಕೊಂಡ, 2005ರಲ್ಲಿ ಅಂಚೆ ಚೀಟಿ ಮೇಲೂ ಬಂದ ಈ ನಾಯಿ ಕಣ್ಣಿಂದ ಬೇಟೆ ಹಿಡಿಯುವ ಜಾತಿ. ಪರಿಚಯ ಇಲ್ಲದವರು ಮೈ ಮುಟ್ಟಿದರೆ ಅದಕ್ಕೆ ಸೇರದು. ಹಾಗಂತ ಕಂಡಕಂಡವರನ್ನು ಕಚ್ಚುವುದು ಅದರ ರಕ್ತದಲ್ಲಿ ಬಂದದ್ದಲ್ಲ. ಸಾಕ್ಷಿ ಬೇಕಿದ್ದರೆ ಕುರಿ ಹಿಂಡಿನ ಹಿಂದೆ ನೋಡಿ. ಕುರಿಗಾರರ ಮರಿ ಹುಟ್ಟಿದಾಗಿನಿಂದ ಮಕ್ಕಳ ಕೈಯಲ್ಲೇ ಆಡುತ್ತದೆ, ಊರೂರು ತಿರುಗುತ್ತದೆ. ದೊಡ್ಡದಾದ ಮೇಲೆ ಹಗಲು ಸಂತೆಯ ಗದ್ದಲದಲ್ಲೂ ಸುಮ್ಮನೆ ಹೋಗುತ್ತದೆ, ರಾತ್ರಿ ಹಟ್ಟಿ ಹತ್ತಿರ ನರಪಿಳ್ಳೆ ಬರಲು ಬಿಡುವುದಿಲ್ಲ. ಸಾಮಾನ್ಯ ಯಾವುದು ಎಂದು ಗೊತ್ತಿರುವ ನಾಯಿಗೆ ಮಾತ್ರ ಅಸಾಮಾನ್ಯ ಯಾವುದು ಎಂದು ತಿಳಿಯುತ್ತದೆ.

ಕಾವಲು ಬುದ್ಧಿಯನ್ನು ಕಲಿಸಬೇಕಾಗಿಯೂ ಇಲ್ಲ. ಒಂದೂವರೆ-ಎರಡು ವರ್ಷಕ್ಕೆ ನಾಯಿ ಪ್ರೌಢವಾದಾಗ ತಾನಾಗಿ ಬರುತ್ತದೆ. ಎರಡು ತಿಂಗಳ ಮರಿ ಬಂದವರ ಕಾಲು ನೆಕ್ಕಿದರೆ 'ಇದು ಕೆಲಸಕ್ಕೆ ಬಾರದ್ದು' ಎಂದು ಬೈಯುವುದು ಬೇಡ.

ಎಂಟು ವಾರ ತುಂಬುವ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಮನೆಗೆ ತಂದ ಮೇಲೆ ದಿನಾ ಒಬ್ಬಿಬ್ಬರು ಹೊಸಬರು ಅದರ ಕಣ್ಣಿಗೆ ಬೀಳಲಿ: ಹಾಲಿನವ, ಮೀಟರ್ ನೋಡುವವ, ಟೋಪಿಯ ಅಜ್ಜ, ಸೀರೆಯ ಸೆರಗು ಹೊದ್ದ ಅಜ್ಜಿ, ಮುಖ್ಯವಾಗಿ ಮಕ್ಕಳು. ಅವರ ಕೈಯಿಂದ ಒಂದು ರೊಟ್ಟಿ ಚೂರು ಸಾಕು. ಒತ್ತಾಯ ಬೇಡ, ಮರಿ ತಾನೇ ಮುಂದೆ ಬರಲಿ. ಲಸಿಕೆ ಪೂರ್ತಿ ಆಗುವ ತನಕ ಬೀದಿನಾಯಿಗಳ ಜತೆ ಮಾತ್ರ ಬಿಡಬಾರದು. ಸಂತೆಗೆ ಬೇಕಾದರೆ ಎತ್ತಿಕೊಂಡೇ ಹೋಗಬಹುದು.

ಗುರ್ ಎಂದರೆ ಹೊಡೆಯುವುದು ಇನ್ನೊಂದು ತಪ್ಪು. ಗುರ್ ಅನ್ನುವುದು ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಮುಂದೆ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಕಿವಿ ಹಿಂದೆ, ಬಾಲ ಕಾಲಸಂದಿಗೆ, ಮೈ ಬಿಗಿ, ಮತ್ತೆ ಮತ್ತೆ ತುಟಿ ನೆಕ್ಕುವುದು ಕಂಡರೆ ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ. ಈಗಾಗಲೇ ಕಚ್ಚುವ ದೊಡ್ಡ ನಾಯಿ ಇದ್ದರೆ ಪಶುವೈದ್ಯರ ಸಲಹೆ ಬೇಕು. ಅದನ್ನು ಮರಿಯ ಹಾಗೆ ಜನರ ನಡುವೆ ಬಿಟ್ಟು ನೋಡುವುದು ಅಪಾಯ.

ಇಷ್ಟಾಗಿಯೂ ಕಚ್ಚಿದರೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಹರಿಯುವ ನೀರಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿ. ಸಾಕಿದ ನಾಯಿಗೂ ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಹಾಕಿಸಬೇಕು.

ಆ ರೈತರ ಹಳೆ ನಾಯಿ ಈಗಿಲ್ಲ. ಎರಡು ತಿಂಗಳ ಹೊಸ ಮರಿ ಬಂದಿದೆ. ದ್ರಾಕ್ಷಿ ಕಟಾವಿಗೆ ಬಂದ ಆಳುಗಳ ಬುತ್ತಿ ಗಂಟು ಮೂಸುತ್ತಾ ಅಂಗಳ ತುಂಬ ಓಡಾಡುತ್ತಿದೆ.

'ಇದನ್ನ ಕಟ್ಟೂದಿಲ್ರಿ. ಬ್ಯಾಸಗಿ ಸೂಟಿಗೆ ಹುಡುಗ ಬರಾಂವ ಅದಾನ' ಎಂದರು ಅವರು.