ಹಿಮಹಲಗೆಯ ಸಲಕರಣೆಗಳು: ಹೊಸಬರು ತಿಳಿಯತಕ್ಕ ಎಚ್ಚರಿಕೆಗಳು

ಹಿಮವನ್ನು ಕಾವ್ಯಗಳ ವರ್ಣನೆಯಲ್ಲಿ ಮಾತ್ರ ಕಂಡು ಬಲ್ಲ ನಮ್ಮ ನಾಡಿನ ಜನಕ್ಕೆ, ಹಲಗೆಯೊಂದನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಕ್ರೀಡೆ ಅಪರಿಚಿತವೆನಿಸುವುದು ಸಹಜ. ಆದರೆ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಹಿಮ ಸುರಿಯುವ ದೇಶಗಳಲ್ಲಿ ನೆಲೆಸಿದ್ದಾರೆ. ಅವರ ಮಕ್ಕಳಿಗೆ ಇದು ಚಳಿಗಾಲದ ನಿತ್ಯದ ಆಟ. ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ ಮುಂತಾದೆಡೆಗಳಿಗೆ ತರುಣರು ಹೋಗಿಬರುತ್ತಾರೆ. 2020ರಲ್ಲಿ ಗುಲ್ಮಾರ್ಗಿನಲ್ಲಿ ಜರುಗಿದ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಈ ಆಟವೂ ಇತ್ತು. ಆದುದರಿಂದ ಸ್ನೋಬೋರ್ಡ್ ಎಂಬ ಈ ಹಿಮಹಲಗೆಯ ಸಲಕರಣೆಗಳನ್ನು ಅಪಾಯವಿಲ್ಲದೆ ಬಳಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಈ ಹಲಗೆಯ ಹುಟ್ಟು ಬಹಳ ಹಿಂದಿನದಲ್ಲ. 1965ರ ಕ್ರಿಸ್‌ಮಸ್ ದಿನದಂದು ಅಮೆರಿಕದ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಹಲಗೆಯನ್ನಾಗಿ ಮಾಡಿದರು. 'ಸ್ನರ್ಫರ್' ಎಂದು ಹೆಸರಾದ ಆ ಆಟಿಕೆಗೆ ಕಾಲು ಬಿಗಿಯುವ ಪಟ್ಟಿಗಳಿರಲಿಲ್ಲ. ಬಿದ್ದವನ ಕಾಲು ತಾನಾಗಿಯೇ ಬಿಡುಗಡೆ ಹೊಂದುತ್ತಿತ್ತು. ಮುಂದೆ ಹಲಗೆಗೆ ಪಟ್ಟಿಗಳೂ ಲೋಹದ ಅಂಚುಗಳೂ ಬಂದವು. 1998ರಲ್ಲಿ ಜಪಾನಿನ ನಗಾನೊ ನಗರದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಪಟ್ಟಿಯಿಂದ ಹಲಗೆಯ ಮೇಲೆ ಹಿಡಿತ ಬಂದಿತು. ಜೊತೆಯಲ್ಲಿ ಅಪಾಯವೂ ಬಂದಿತು.

ಆ ಅಪಾಯದ ಸ್ವರೂಪವನ್ನು ಮೊದಲು ಅರಿಯಬೇಕು. ಸ್ಕೀ ಆಟದಲ್ಲಿ ಬಿದ್ದಾಗ ಬಲವಾದ ಎಳೆತಕ್ಕೆ ಬಂಧಕಗಳು ಬಿಚ್ಚಿಕೊಳ್ಳುತ್ತವೆ. ಹಿಮಹಲಗೆಯ ಬಂಧಕಗಳಾದರೋ ಕೈಯಿಂದ ಬಿಚ್ಚಿದ ಹೊರತು ಬಿಡುವುದಿಲ್ಲ. ಎರಡೂ ಕಾಲುಗಳು ಒಂದೇ ಹಲಗೆಗೆ ಬಿಗಿದಿರುವುದರಿಂದ ಮೊಣಕಾಲು ತಿರುಚುವ ಭಯ ಕಡಿಮೆ. ಆದರೆ ಕಾಲನ್ನು ಮುಂದಿಟ್ಟು ಸಾವರಿಸಿಕೊಳ್ಳಲಾರದವನು ಸಹಜವಾಗಿಯೇ ಅಂಗೈ ಊರುತ್ತಾನೆ. ಆದುದರಿಂದಲೇ ಹೊಸಬರಲ್ಲಿ ಮಣಿಕಟ್ಟಿನ ಮುರಿತ ಅತಿ ಸಾಮಾನ್ಯ. ಕಾಲಿಗೆ ಕಟ್ಟದ ಹಲಗೆಯ ಅಪಾಯ ಇನ್ನೊಂದು ಬಗೆಯದು. ಅದು ಇಳಿಜಾರಿನಲ್ಲಿ ತಾನೇ ಓಡತೊಡಗಿದರೆ, ಕೆಳಗಡೆ ನಿಂತ ನಿರಪರಾಧಿಯೊಬ್ಬನನ್ನು ಗಾಯಗೊಳಿಸಬಲ್ಲದು. ಕಟ್ಟುವ ಹಾಗೂ ಬಿಚ್ಚುವ ಕ್ರಮವೇ ಈ ಆಟದ ಮೊದಲ ಪಾಠವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಲಕರಣೆಗಳ ಆಯ್ಕೆಯಲ್ಲಿ ಬೂಟಿಗೆ ಅಗ್ರಸ್ಥಾನ. ನೆಟ್ಟಗೆ ನಿಂತಾಗ ಕಾಲ್ಬೆರಳು ಮುಂತುದಿಗೆ ಹಗುರವಾಗಿ ತಾಕಬೇಕು. ಮೊಣಕಾಲು ಬಗ್ಗಿಸಿದಾಗ ಹಿಮ್ಮಡಿ ಮೇಲೇಳಕೂಡದು. ಎರಡು ಜೊತೆ ಕಾಲುಚೀಲ ತೊಟ್ಟು ದೊಡ್ಡ ಬೂಟನ್ನು ಸರಿಪಡಿಸಿಕೊಳ್ಳುವುದು ತಪ್ಪು. ಉಣ್ಣೆಯ ಒಂದೇ ಜೊತೆ ಸಾಕು. ಹಲಗೆಯನ್ನು ಬಾಡಿಗೆಗೆ ಪಡೆಯುವಾಗ ಎತ್ತರದೊಂದಿಗೆ ದೇಹದ ತೂಕವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಎಡಗಾಲು ಮುಂದಿಡುವವರೂ ಬಲಗಾಲು ಮುಂದಿಡುವವರೂ ಇರುವುದರಿಂದ, ತನ್ನ ಕಾಲು ಯಾವುದೆಂದು ಮೊದಲೇ ತಿಳಿಸಿ ಬಂಧಕಗಳನ್ನು ಅದಕ್ಕೆ ತಕ್ಕಂತೆ ಕೂರಿಸಿಕೊಳ್ಳತಕ್ಕದ್ದು. ಅವುಗಳ ಸ್ಕ್ರೂಗಳು ಸಡಿಲವಾಗಿವೆಯೇ, ಪಟ್ಟಿಯ ಹಲ್ಲುಗಳು ಸವೆದಿವೆಯೇ ಎಂದು ದಿನವೂ ಪರೀಕ್ಷಿಸಬೇಕು. ಅಂಚುಗಳು ಹರಿತವಾದ ಲೋಹದವಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು.

ಮೈಗಾಪುಗಳಲ್ಲಿ ಹೆಲ್ಮೆಟ್ಟು ಹಾಗೂ ಮಣಿಕಟ್ಟಿನ ಕಾಪುಗಳು ಮುಖ್ಯ. ಹೆಲ್ಮೆಟ್ಟು ತಲೆಯ ಹಿಂಬದಿಗೆ ಸರಿಯದೆ ಹಣೆಯನ್ನು ಮುಚ್ಚಿರಬೇಕು. ಒಮ್ಮೆ ಬಲವಾದ ಪೆಟ್ಟು ತಿಂದುದನ್ನು, ಹೊರಗೆ ಬಿರುಕು ಕಾಣದಿದ್ದರೂ, ಮತ್ತೆ ಬಳಸಬಾರದು. ಒಳಗಣ ಮೆತ್ತೆ ಜಜ್ಜಿಹೋಗಿರುವುದು ಕಣ್ಣಿಗೆ ಬೀಳುವುದಿಲ್ಲ. ಹೊಸ ಹಿಮವು ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಸೇಕಡ 80ರವರೆಗೂ ಪ್ರತಿಫಲಿಸಬಲ್ಲದಾದ್ದರಿಂದ ಕಣ್ಣಿಗೆ ಗಾಗಲ್ ಅನಿವಾರ್ಯ.

ಹಲಗೆಯನ್ನು ಹಿಮದ ಮೇಲೆ ಇಡುವಾಗ ಬಂಧಕಗಳು ಕೆಳಮುಖವಾಗಿರುವಂತೆ ಮಗುಚಿ, ಇಳಿಜಾರಿಗೆ ಅಡ್ಡಲಾಗಿ ಇಡಬೇಕು; ಬಂಧಕಗಳು ಹಿಮವನ್ನು ಕಚ್ಚಿ ಹಲಗೆಯನ್ನು ತಡೆಯುತ್ತವೆ. ಕಟ್ಟಿಕೊಳ್ಳುವಾಗ ಮೊದಲು ಬೂಟಿನ ಅಡಿಗೂ ಬಂಧಕಕ್ಕೂ ಅಂಟಿದ ಹಿಮವನ್ನು ಕೆರೆಯಬೇಕು. ಬಳಿಕ ಕಾಲಿಗೂ ಹಲಗೆಗೂ ನಡುವಣ ರಕ್ಷಣೆಯ ಹುರಿ, ಆಮೇಲೆ ಮುಂಗಾಲು, ಕೊನೆಗೆ ಹಿಂಗಾಲು; ಪ್ರತಿ ಕಾಲಿನಲ್ಲಿಯೂ ಮೊದಲು ಕಣಕಾಲಿನ ಪಟ್ಟಿ, ನಂತರ ಬೆರಳಿನ ಪಟ್ಟಿ. ಬಿಚ್ಚುವಾಗ ಇದರ ವಿಲೋಮ ಕ್ರಮ: ಹಿಂಗಾಲು ಮೊದಲು, ಮುಂಗಾಲು ಆಮೇಲೆ, ಹಲಗೆ ಕೈಯಲ್ಲಿ ಭದ್ರವಾದ ಬಳಿಕ ಹುರಿ ಕಡೆಯದು. ಎದ್ದು ನಿಲ್ಲುವ ಮುನ್ನ ಮೇಲಿನಿಂದ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡುವುದನ್ನು ಮರೆಯಬಾರದು. ಚೇರ್‌ಲಿಫ್ಟಿನಲ್ಲಿ ಕುಳಿತು ಮೇಲೇರುವಾಗ ಮುಂಗಾಲು ಮಾತ್ರ ಕಟ್ಟಿರಬೇಕು. ಕೊರಳವಸ್ತ್ರ, ಚೀಲದ ಪಟ್ಟಿ ಮುಂತಾದುವು ಜೋಲಾಡಿ ಪೀಠಕ್ಕೆ ಸಿಕ್ಕಿಕೊಳ್ಳದಂತೆ ಒಳಗೆ ಸೇರಿಸಬೇಕು.

ಬೀಳುವುದನ್ನೂ ಕಲಿಯಬೇಕು. ಮುಂದಕ್ಕೆ ಬೀಳುವಾಗ ಮುಷ್ಟಿ ಬಿಗಿದು ಮೊಣಕಾಲು, ಮುಂಗೈಗಳ ಮೇಲೆ ಬೀಳುವುದು. ಹಿಂದಕ್ಕೆ ಬೀಳುವಾಗ ಗಲ್ಲವನ್ನು ಎದೆಗೊತ್ತಿ, ಕುಕ್ಕರಿಸಿ, ಬೆನ್ನ ಮೇಲೆ ಉರುಳುವುದು. ಎರಡರಲ್ಲಿಯೂ ಅಂಗೈ ಚಾಚಕೂಡದು. ಗುರುತಿಟ್ಟ ಎಲ್ಲೆಯನ್ನು ದಾಟಿ ಹಿಮಪಾತದ ಭಯವಿರುವ ಇಳಿಜಾರುಗಳಿಗೆ ಹೊಸಬರು ಹೋಗಲೇಬಾರದು.

ಆಟ ಮುಗಿದ ಮೇಲೆ ಅಂಚುಗಳನ್ನು ಒರೆಸಿದರೆ ತುಕ್ಕು ಹಿಡಿಯದು. ಬೂಟುಗಳನ್ನು ಸಡಿಲಿಸಿ ಗಾಳಿಯಲ್ಲಿ ಆರಿಸಬೇಕು. ಬೆಂಕಿಯ ಬಳಿ ಇಟ್ಟರೆ ಅಂಟು ಬಿಡುತ್ತದೆ.

ಇವೆಲ್ಲ ಅಲ್ಪ ಸಂಗತಿಗಳೆಂದು ತರುಣರಿಗೆ ತೋರಬಹುದು. ಆದರೆ ಪಟ್ಟಿಯೊಂದನ್ನು ಕ್ರಮವಾಗಿ ಕಟ್ಟಲು ಬೇಕಾಗುವುದು ಅರೆಗಳಿಗೆ. ಮುರಿದ ಮಣಿಕಟ್ಟು ಕೂಡಲು ಹಲವು ವಾರಗಳು ಬೇಕು. ಮಕ್ಕಳನ್ನು ಹಿಮದ ನಾಡಿಗೆ ಕಳುಹುವ ತಾಯ್ತಂದೆಗಳೂ, ಅವರನ್ನು ಕರೆದೊಯ್ಯುವ ಉಪಾಧ್ಯಾಯರೂ ಈ ಕ್ರಮವನ್ನು ಮೊದಲು ತಾವು ತಿಳಿದು, ಹಲಗೆ ಕೊಡುವ ಮುನ್ನವೇ ಅವರಿಗೆ ಕಲಿಸಲಿ.